ಗೊತ್ತಿಲ್ಲದವರ ಅಟ್ಯಾಚ್‌ಮೆಂಟ್ ತೆರೆಯುವುದೇ ನಮ್ಮ ಕೆಲಸ, ವೈರಸ್ ಬರದಂತೆ ಹೇಗೆ ತೆರೆಯುವುದು?

ಡಿಟಿಪಿ ಅಣ್ಣ

ಎಲ್ಲರಿಗೂ ನಮಸ್ಕಾರ. ನಮ್ಮದು ಡಿಟಿಪಿ, ಜೆರಾಕ್ಸ್, ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ. ತಾಲೂಕು ಕಚೇರಿ ಎದುರಿಗೇ ಇದೆ. ಅಂಗಡಿಯ ಜಿಮೇಲ್ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಗೋಡೆಗೆ ಅಂಟಿಸಿದ್ದೇನೆ. ಬಂದವರು "ಮೇಲ್ ಹಾಕಿದ್ದೀನಿ ಅಣ್ಣ, ಎರಡು ಕಾಪಿ ತೆಗೀರಿ" ಅನ್ನುತ್ತಾರೆ, ನಾವು ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆಯುತ್ತೇವೆ. ಬೆಳಿಗ್ಗೆಯಿಂದ ಸಂಜೆ ತನಕ ಇದೇ.

ಪಕ್ಕದ ಊರಿನಲ್ಲಿ ನಮ್ಮಂಥದ್ದೇ ಒಂದು ಅಂಗಡಿ ಇದೆ. ಈಚೆಗೆ ಅವರ ಕಂಪ್ಯೂಟರ್‌ನಲ್ಲಿದ್ದ ಫೈಲ್ ಎಲ್ಲಾ ಲಾಕ್ ಆಗಿಬಿಟ್ಟಿವೆ. ಮದುವೆ ಕಾರ್ಡ್ ಡಿಸೈನ್, ಶಾಲೆಗಳ ಪ್ರಶ್ನೆಪತ್ರಿಕೆ, ದೇವಸ್ಥಾನದ ಕರಪತ್ರ, ಎಷ್ಟೋ ವರ್ಷದ ಕೆಲಸ. ಒಂದೂ ತೆರೆಯುತ್ತಿಲ್ಲ. ದುಡ್ಡು ಕಟ್ಟಿ ಅಂತ ಹೇಳುವ ಒಂದು ಟೆಕ್ಸ್ಟ್ ಫೈಲ್ ಮಾತ್ರ ತೆರೆಯುತ್ತದೆ. ಮೇಲ್‌ನಲ್ಲಿ ಬಂದ ಫೈಲಿನಿಂದ ಆಯಿತು ಅಂತ ರಿಪೇರಿಯವರು ಹೇಳಿದರಂತೆ.

ನಾನು ಎಲ್ಲಿ ಓದಿದರೂ ಒಂದೇ ಮಾತು: ಅಪರಿಚಿತರ ಅಟ್ಯಾಚ್‌ಮೆಂಟ್ ತೆರೆಯಬೇಡಿ. ನನಗೆ ಬರುವ ಮೇಲ್ ಎಲ್ಲವೂ ಅಪರಿಚಿತರದ್ದೇ. ತೆರೆಯದಿದ್ದರೆ ಅಂಗಡಿ ಮುಚ್ಚಬೇಕು. ಹಾಗಾಗಿ ದಯವಿಟ್ಟು ತೆರೆಯಬೇಡಿ ಅನ್ನಬೇಡಿ, ಹೇಗೆ ತೆರೆಯಬೇಕು ಅಂತ ಹೇಳಿ. ನನ್ನ ಹತ್ತಿರ ವಿಂಡೋಸ್ 11 ಇರುವ ಒಂದು ಕಂಪ್ಯೂಟರ್, ಪೇಜ್‌ಮೇಕರ್ ಅನ್ನುವ ಹಳೇ ಪುಟ ವಿನ್ಯಾಸದ ಸಾಫ್ಟ್‌ವೇರ್‌ಗೆ ಇಟ್ಟುಕೊಂಡಿರುವ ವಿಂಡೋಸ್ 7ರ ಹಳೇದು ಒಂದು ಇದೆ.

ಸರ್ವರ್ ರೂಮ್

ಡಿಟಿಪಿ ಅಣ್ಣ, ಒಳ್ಳೇ ಪ್ರಶ್ನೆ ಕೇಳಿದ್ದೀರಿ. ನಾನು ಆಫೀಸುಗಳ ಮೇಲ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಅಲ್ಲೂ ಇದೇ ಕಥೆ. ಎಚ್‌ಆರ್ ವಿಭಾಗದವರಿಗೆ ಅಪರಿಚಿತರ ಬಯೋಡೇಟಾ ತೆರೆಯಬೇಡಿ ಅಂದರೆ ಅವರು ಕೆಲಸ ಮಾಡುವುದಾದರೂ ಹೇಗೆ? ಸಲಹೆ ಕೊಡುವವರು ಇದನ್ನು ಯೋಚಿಸುವುದೇ ಇಲ್ಲ.

ಮೊದಲು ಮಾಡಬೇಕಾದ್ದು ಒಂದೇ ನಿಮಿಷದ ಕೆಲಸ. ಫೈಲ್ ಎಕ್ಸ್‌ಪ್ಲೋರರ್ ತೆರೆದು, ಮೇಲೆ ವ್ಯೂ, ಅದರೊಳಗೆ ಶೋ, ಅದರೊಳಗೆ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಅಂತ ಇದೆ, ಅದಕ್ಕೆ ಟಿಕ್ ಹಾಕಿ. ವಿಂಡೋಸ್ ತಾನಾಗಿಯೇ ಫೈಲಿನ ಹೆಸರಿನ ಬಾಲವನ್ನು, ಅಂದರೆ ಕೊನೆಯ ಚುಕ್ಕೆಯ ನಂತರದ ಅಕ್ಷರಗಳನ್ನು, ಮುಚ್ಚಿಡುತ್ತದೆ. 2000ದ ಮೇ ತಿಂಗಳಲ್ಲಿ ಮನಿಲಾದಿಂದ ಹೊರಟ 'ಐ ಲವ್ ಯೂ' ವೈರಸ್ ಲೋಕವೆಲ್ಲ ಹರಡಿದ್ದು ಈ ಒಂದು ಸೆಟ್ಟಿಂಗಿನ ಸಹಾಯದಿಂದಲೇ. ಆ ಅಟ್ಯಾಚ್‌ಮೆಂಟಿನ ಹೆಸರು ಟಿಎಕ್ಸ್‌ಟಿ ಅಂತ ಮುಗಿದ ಹಾಗೆ ಕಾಣುತ್ತಿತ್ತು, ಪ್ರೇಮಪತ್ರ ಅಂದುಕೊಂಡು ಜನ ತೆರೆದರು. ಅದರ ಹಿಂದೆ ಇನ್ನೊಂದು ಚುಕ್ಕೆ ಮತ್ತು ವಿಬಿಎಸ್ ಇತ್ತು, ಅದು ಕಾಣಲಿಲ್ಲ. ವಿಬಿಎಸ್ ಅಂದರೆ ಓದುವ ಕಾಗದ ಅಲ್ಲ, ಓಡುವ ಪ್ರೋಗ್ರಾಂ. ಅದು ಔಟ್‌ಲುಕ್ ಅನ್ನುವ ಮೇಲ್ ಪ್ರೋಗ್ರಾಂನ ವಿಳಾಸಪಟ್ಟಿಯಲ್ಲಿದ್ದ ಎಲ್ಲರಿಗೂ ತನ್ನನ್ನೇ ಕಳಿಸಿಕೊಂಡಿತು, ಕಂಪ್ಯೂಟರ್‌ನಲ್ಲಿದ್ದ ಜೆಪಿಜಿ ಚಿತ್ರಗಳ ಮೇಲೆ ತನ್ನ ಪ್ರತಿಯನ್ನೇ ಬರೆದು ಹಾಳು ಮಾಡಿತು. ಇಷ್ಟು ವರ್ಷ ಆದ ಮೇಲೂ ವಿಂಡೋಸ್‌ನಲ್ಲಿ ಈ ಸೆಟ್ಟಿಂಗ್ ಮೊದಲಿಂದ ಆಫ್ ಆಗಿಯೇ ಬರುತ್ತದೆ. ನನಗೆ ಇದರ ಬಗ್ಗೆ ನಿಜಕ್ಕೂ ಸಿಟ್ಟಿದೆ.

ಟಿಕ್ ಹಾಕಿದ ಮೇಲೆ ಹೆಸರಿನ ಕೊನೆಯ ಚುಕ್ಕೆಯ ನಂತರ ಏನಿದೆ ಅಂತ ಮಾತ್ರ ನೋಡಿ. ನಿಮ್ಮ ಅಂಗಡಿಗೆ ಪ್ರಿಂಟಿಗೆ ಬರುವುದು ಪಿಡಿಎಫ್, ಜೆಪಿಜಿ, ಪಿಎನ್‌ಜಿ, ವರ್ಡ್, ಎಕ್ಸೆಲ್, ಅಪರೂಪಕ್ಕೆ ಕೋರೆಲ್ ಡಿಸೈನ್ ಫೈಲ್. ಇಎಕ್ಸ್‌ಇ, ಎಸ್‌ಸಿಆರ್, ಜೆಎಸ್, ವಿಬಿಎಸ್, ಎಚ್‌ಟಿಎ, ಐಎಸ್‌ಒ, ಐಎಂಜಿ, ಎಂಎಸ್‌ಐ, ಇವನ್ನು ಯಾರೂ ಯಾವತ್ತೂ ಪ್ರಿಂಟ್ ಮಾಡಿಸುವುದಿಲ್ಲ. ಕಂಡ ತಕ್ಷಣ ಅಳಿಸಿಬಿಡಿ.

ಹಳೇ ಬೇರು

ಸರ್ವರ್ ರೂಮ್ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಬಾಲ ತೋರಿಸುವ ಸೆಟ್ಟಿಂಗ್ ಹಾಕಿದರೂ ಎಲ್‌ಎನ್‌ಕೆ, ಅಂದರೆ ಶಾರ್ಟ್‌ಕಟ್ ಫೈಲಿನ ಬಾಲವನ್ನು ವಿಂಡೋಸ್ ತೋರಿಸುವುದಿಲ್ಲ. ಜಿಪ್ ಒಳಗೆ ಶಾರ್ಟ್‌ಕಟ್ ಇಟ್ಟು ಅದಕ್ಕೆ ಪಿಡಿಎಫ್ ಚಿತ್ರ ಅಂಟಿಸಿ ಕಳಿಸುವುದು ಈಗ ತುಂಬಾ ಜಾಸ್ತಿ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಉರ್ದು, ಅರಬ್ಬಿ ಬರಹಕ್ಕೆ ಬೇಕು ಅಂತ ಅಕ್ಷರಗಳನ್ನು ಬಲದಿಂದ ಎಡಕ್ಕೆ ತಿರುಗಿಸುವ ಒಂದು ಕಾಣದ ಗುರುತು ಯೂನಿಕೋಡ್‌ನಲ್ಲಿದೆ. ಅದನ್ನು ಫೈಲ್ ಹೆಸರಿನ ನಡುವೆ ತೂರಿಸಿದರೆ ಇಎಕ್ಸ್‌ಇ ಫೈಲ್ ಕೂಡ ಜೆಪಿಜಿ ಅಂತ ಮುಗಿದ ಹಾಗೆ ಕಾಣುತ್ತದೆ.

ಎರಡಕ್ಕೂ ಮದ್ದು ಒಂದೇ. ಡೌನ್‌ಲೋಡ್ಸ್ ಫೋಲ್ಡರನ್ನು ಡೀಟೇಲ್ಸ್ ನೋಟಕ್ಕೆ ಹಾಕಿ ಟೈಪ್ ಅನ್ನುವ ಕಾಲಂ ನೋಡಿ. ಹೆಸರು ಏನೇ ಇರಲಿ, ಅಲ್ಲಿ ಅಪ್ಲಿಕೇಷನ್, ಸ್ಕ್ರೀನ್ ಸೇವರ್, ಶಾರ್ಟ್‌ಕಟ್, ಸ್ಕ್ರಿಪ್ಟ್ ಫೈಲ್ ಅಂತ ಬಂದರೆ ಅದು ಕಾಗದ ಅಲ್ಲ. ಐಕಾನ್ ನೋಡಿ ಮಾತ್ರ ನಂಬಬೇಡಿ, ಐಕಾನ್ ಯಾರು ಬೇಕಾದರೂ ಬದಲಿಸಬಹುದು.

ಸಂತೆ ಪೇಟೆ

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಯಾಕೆ, ದುಡ್ಡು ಕೊಟ್ಟು ಒಂದು ಒಳ್ಳೇ ಆಂಟಿವೈರಸ್ ಹಾಕಿಸಿದರೆ ಮುಗಿಯಿತು ಅಲ್ವಾ? ನಮ್ಮ ಅಂಗಡಿಯಲ್ಲಿ ಹಾಗೇ ಮಾಡಿದ್ದೇವೆ.

ಸರ್ವರ್ ರೂಮ್

ಸಂತೆ ಪೇಟೆಯವರೇ, ಆಂಟಿವೈರಸ್ ಬೇಕೇ ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಅದು ನೋಡಲು ಆಗದೇ ಇರುವ ಜಾಗ ಒಂದಿದೆ. ಪಾಸ್‌ವರ್ಡ್ ಹಾಕಿದ ಜಿಪ್. ಬೀಗ ಹಾಕಿದ ಫೈಲಿನ ಒಳಗೆ ಏನಿದೆ ಅಂತ ಜಿಮೇಲ್‌ಗೂ ಗೊತ್ತಾಗುವುದಿಲ್ಲ, ಆಂಟಿವೈರಸ್‌ಗೂ ಗೊತ್ತಾಗುವುದಿಲ್ಲ. 2004ರಲ್ಲಿ ಬೇಗಲ್ ಅನ್ನುವ ವೈರಸ್ ಇದೇ ದಾರಿ ಹಿಡಿದಿತ್ತು. ಜಿಪ್‌ಗೆ ಪಾಸ್‌ವರ್ಡ್ ಹಾಕಿ, ಆ ಪಾಸ್‌ವರ್ಡನ್ನು ಅದೇ ಮೇಲ್‌ನಲ್ಲಿ ಬರೆದು ಕಳಿಸುತ್ತಿತ್ತು. ಸ್ವಲ್ಪ ಯೋಚಿಸಿ, ಬೀಗ ಹಾಕಿ ಕೀಲಿಯನ್ನು ಬೀಗಕ್ಕೇ ಕಟ್ಟಿ ಕಳಿಸುವವನಿಗೆ ಗುಟ್ಟು ಕಾಯುವ ಉದ್ದೇಶ ಇರುತ್ತದಾ? ಅವನಿಗೆ ಬೇಕಿರುವುದು ತಪಾಸಣೆ ತಪ್ಪಿಸುವುದು ಮಾತ್ರ. ಈಗಲೂ ಅದೇ ನಡೆಯುತ್ತಿದೆ.

ಹಾಗೆಯೇ ಡ್ರೈವ್ ಲಿಂಕ್. ಜಿಮೇಲ್‌ನಲ್ಲಿ 25 ಎಂಬಿಗಿಂತ ದೊಡ್ಡ ಫೈಲ್ ಹಾಕಿದರೆ ಅದು ಡ್ರೈವ್ ಲಿಂಕ್ ಆಗಿ ಬರುತ್ತದೆ. 100 ಎಂಬಿ ದಾಟಿದ ಫೈಲನ್ನು ಗೂಗಲ್ ಡ್ರೈವ್ ವೈರಸ್ ಸ್ಕ್ಯಾನ್ ಮಾಡುವುದಿಲ್ಲ, ಡೌನ್‌ಲೋಡ್ ಮಾಡುವಾಗ ಹಾಗಂತ ತಿಳಿಸುತ್ತದೆ. ನಾವು ಓದದೆ ಡೌನ್‌ಲೋಡ್ ಎನಿವೇ ಒತ್ತಿಬಿಡುತ್ತೇವೆ.

ಇನ್ನು ಯಾವ ಆಂಟಿವೈರಸ್ ಅನ್ನುವ ಮಾತು. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕಷ್ಟು ಚೆನ್ನಾಗಿದೆ, ಅದನ್ನು ಆನ್ ಇಟ್ಟುಕೊಂಡು ಅಪ್‌ಡೇಟ್ ಆಗಲು ಬಿಟ್ಟರೆ ಸಾಕು. ಆದರೆ ಡಿಟಿಪಿ ಅಂಗಡಿಗಳಲ್ಲಿ ನಾನು ಕಂಡಿರುವುದನ್ನು ನೇರವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಫೋಟೋಶಾಪ್, ಕೋರೆಲ್ ಕ್ರ್ಯಾಕ್, ಅಂದರೆ ದುಡ್ಡು ಕೊಡದ ಕಳ್ಳ ಪ್ರತಿ, ಹಾಕಲು ಬಂದ ಹುಡುಗ ಮೊದಲು ಮಾಡುವ ಕೆಲಸ ಡಿಫೆಂಡರ್ ಆಫ್ ಮಾಡುವುದು. ಕೆಲವೊಮ್ಮೆ ಇಡೀ ಸಿ ಡ್ರೈವನ್ನೇ ಎಕ್ಸ್‌ಕ್ಲೂಷನ್ ಪಟ್ಟಿಗೆ ಸೇರಿಸಿ ಹೋಗಿರುತ್ತಾನೆ. ಆಮೇಲೆ ಡಿಫೆಂಡರ್ ಹಸಿರು ಗುರುತು ತೋರಿಸುತ್ತಲೇ ಇರುತ್ತದೆ, ಆದರೆ ಆ ಡ್ರೈವ್ ಕಡೆ ತಿರುಗಿಯೂ ನೋಡುವುದಿಲ್ಲ. ವಿಂಡೋಸ್ ಸೆಕ್ಯೂರಿಟಿ ತೆರೆದು, ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್ ಒಳಗೆ ಮ್ಯಾನೇಜ್ ಸೆಟ್ಟಿಂಗ್ಸ್‌ಗೆ ಹೋಗಿ, ಕೆಳಗೆ ಎಕ್ಸ್‌ಕ್ಲೂಷನ್ಸ್ ಪಟ್ಟಿ ಇದೆ, ಇವತ್ತೇ ನೋಡಿ.

ಡಿಟಿಪಿ ಅಣ್ಣ

ನೋಡಿದೆ ಸರ್. ಎಕ್ಸ್‌ಕ್ಲೂಷನ್ಸ್ ಖಾಲಿ ಇದೆ, ಟೈಪ್ ಕಾಲಂ ಈಗ ಕಾಣುತ್ತಿದೆ. ಆದರೆ ನನಗೆ ಜಾಸ್ತಿ ಬರುವುದು ವರ್ಡ್ ಫೈಲ್. ಕಾಲೇಜು ಹುಡುಗರ ಪ್ರಾಜೆಕ್ಟ್, ಬಯೋಡೇಟಾ, ಸಂಘದ ನಡಾವಳಿ. ಟೈಪ್ ನೋಡಿದರೂ ಅದು ವರ್ಡ್ ಅಂತಲೇ ಬರುತ್ತದೆ. ಅದರೊಳಗೆ ವೈರಸ್ ಇದ್ದರೆ?

ಹಳೇ ಬೇರು

ಇರಬಹುದು, ಮ್ಯಾಕ್ರೋ ರೂಪದಲ್ಲಿ. ವರ್ಡ್ ಫೈಲಿನೊಳಗೆ ಪ್ರೋಗ್ರಾಂ ಬರೆದಿಡುವ ಸೌಲಭ್ಯ ಅದು. 1999ರ ಮಾರ್ಚ್‌ನಲ್ಲಿ ಮೆಲಿಸ್ಸಾ ಬಂದದ್ದು ಹೀಗೆಯೇ. ಫೈಲ್ ತೆರೆದವರ ಔಟ್‌ಲುಕ್‌ನಿಂದ ಮೊದಲ 50 ವಿಳಾಸಗಳಿಗೆ ತಾನೇ ಹೋಗುತ್ತಿತ್ತು. ಅದನ್ನು ಬರೆದವನಿಗೆ ಅಮೆರಿಕದಲ್ಲಿ 20 ತಿಂಗಳ ಜೈಲು ಆಯಿತು.

ಆಮೇಲೆ 2014ರಲ್ಲಿ ಶುರುವಾದ ಎಮೋಟೆಟ್ ಇದನ್ನೇ ದೊಡ್ಡ ದಂಧೆ ಮಾಡಿತು. ಅದರ ಅತಿ ಕೆಟ್ಟ ಗುಣ ಏನೆಂದರೆ, ಒಬ್ಬರ ಕಂಪ್ಯೂಟರ್ ಹೊಕ್ಕ ಮೇಲೆ ಅವರ ಹಳೇ ಮೇಲ್‌ಗಳನ್ನು ಕದ್ದು, ಅದೇ ಮಾತುಕತೆಗೆ ಉತ್ತರ ಬಂದ ಹಾಗೆ ಹೊಸ ಮೇಲ್ ಕಳಿಸುತ್ತಿತ್ತು. ನೀವು ಹೋದ ವಾರ ಯಾರಿಗೋ ಬರೆದ ಮೇಲ್‌ನ ಕೆಳಗೇ ಅವರ ಹೆಸರಿನಲ್ಲೇ ಒಂದು ವರ್ಡ್ ಫೈಲ್ ಬಂದರೆ ಯಾರಿಗೆ ತಾನೇ ಅನುಮಾನ ಬರುತ್ತದೆ? ಅದಕ್ಕೇ ನಾನು ಹೇಳುವುದು, ಪರಿಚಿತರು ಅಪರಿಚಿತರು ಅನ್ನುವ ಲೆಕ್ಕವೇ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. 2021ರ ಜನವರಿಯಲ್ಲಿ ಯೂರೋಪಿನ ಪೊಲೀಸರು ಬೇರೆ ದೇಶದವರ ಜೊತೆ ಸೇರಿ ಅದರ ಸರ್ವರ್‌ಗಳನ್ನು ವಶಕ್ಕೆ ತೆಗೆದುಕೊಂಡರು. ಅದೇ ವರ್ಷ ನವೆಂಬರ್‌ಗೆ ಮತ್ತೆ ಎದ್ದು ಬಂತು.

ಈಗ ನೀವು ಮಾಡಬೇಕಾದ್ದು. ವರ್ಡ್ ತೆರೆದಾಗ ಮೇಲೆ ಹಳದಿ ಪಟ್ಟಿ ಬರುತ್ತದಲ್ಲ, ಪ್ರೊಟೆಕ್ಟೆಡ್ ವ್ಯೂ ಅಂತ, ಅದರಲ್ಲಿರುವ ಎನೇಬಲ್ ಎಡಿಟಿಂಗ್ ಒತ್ತದೆ ಓದಿ. ತಿದ್ದುವ ಇಲ್ಲಾ ಪ್ರಿಂಟ್ ತೆಗೆಯುವ ಕೆಲಸ ಇದ್ದರೆ ಮಾತ್ರ ಒತ್ತಿ. ಅದಾದ ಮೇಲೆ ಎನೇಬಲ್ ಕಂಟೆಂಟ್ ಅಂತ ಇನ್ನೊಂದು ಕೇಳಿದರೆ ಒತ್ತಲೇಬೇಡಿ. ಬಯೋಡೇಟಾಗೆ ಮ್ಯಾಕ್ರೋ ಯಾಕೆ ಬೇಕು? ಹೊಸ ಎಂಎಸ್ ಆಫೀಸ್‌ನಲ್ಲಿ 2022ರಿಂದ ಇಂಟರ್‌ನೆಟ್‌ನಿಂದ ಬಂದ ಫೈಲಿನ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ ತಾನಾಗಿಯೇ ತಡೆಯುತ್ತದೆ, ಸೆಕ್ಯೂರಿಟಿ ರಿಸ್ಕ್ ಅಂತ ಪಟ್ಟಿ ತೋರಿಸುತ್ತದೆ. ನಿಮ್ಮದು ಹಳೇ ಆಫೀಸ್ 2007 ಆಗಿದ್ದರೆ ಈ ಯಾವ ರಕ್ಷಣೆಯೂ ಇಲ್ಲ.

ಇನ್ನೊಂದು ವಿಷಯ. ಮ್ಯಾಕ್ರೋ ಇಲ್ಲದಿದ್ದರೆ ಪೂರ್ತಿ ಕ್ಷೇಮ ಅಂತಲೂ ಅಲ್ಲ. 2022ರ ಮೇನಲ್ಲಿ ಫೋಲಿನಾ ಅನ್ನುವ ದೋಷ ಬೆಳಕಿಗೆ ಬಂತು, ಅದರಲ್ಲಿ ಮ್ಯಾಕ್ರೋ ಇಲ್ಲದ ವರ್ಡ್ ಫೈಲೇ ಕೆಲಸ ಕೆಡಿಸುತ್ತಿತ್ತು. ಜೂನ್‌ನ ಅಪ್‌ಡೇಟ್‌ನಲ್ಲಿ ಸರಿಯಾಯಿತು. ಅಪ್‌ಡೇಟ್ ಮುಂದೂಡುತ್ತಾ ಹೋದರೆ ಇಂಥ ತೂತುಗಳು ಹಾಗೇ ಉಳಿಯುತ್ತವೆ.

ಕಾಗುಣಿತ

ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ, ಅದು ಕನ್ನಡ ಡಿಟಿಪಿಯವರಿಗೆ ಮಾತ್ರ ಗೊತ್ತಾಗುವ ವಿಷಯ. ಹಳೇ ನುಡಿ, ಬರಹ, ಶ್ರೀಲಿಪಿ ಫಾಂಟಿನಲ್ಲಿ ಮಾಡಿದ ಫೈಲ್ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ನಮಗೆ ಅದು ದಿನಾ ಅಭ್ಯಾಸ. ಅಕ್ಷರ ಕೆಟ್ಟು ಕಂಡರೆ "ಓ ಫಾಂಟ್ ಪ್ರಾಬ್ಲಮ್" ಅಂತ ಕಂಡ ಕಂಡ ಬಟನ್ ಒತ್ತುತ್ತೇವೆ. ವೈರಸ್ ಕಳಿಸುವವರು ಬಳಸುವುದೂ ಇದೇ ನಾಟಕ! ಫೈಲ್ ತೆರೆದಾಗ ಮಸುಕಾದ ಒಂದು ಚಿತ್ರ, ಇಲ್ಲಾ ಕೆಟ್ಟ ಅಕ್ಷರ. ಅದರ ಮೇಲೆ, ಈ ದಾಖಲೆ ಹಳೇ ಆವೃತ್ತಿಯಲ್ಲಿದೆ, ಸರಿಯಾಗಿ ಕಾಣಬೇಕಾದರೆ ಎನೇಬಲ್ ಕಂಟೆಂಟ್ ಒತ್ತಿ ಅಂತ ಸೂಚನೆ. ಬೇರೆಯವರು ಸ್ವಲ್ಪ ಅನುಮಾನಪಟ್ಟಾರು. ನಮಗೆ ಅನುಮಾನವೇ ಬರುವುದಿಲ್ಲ, ಯಾಕೆಂದರೆ ನಮ್ಮ ಅರ್ಧ ಫೈಲ್‌ಗಳು ನಿಜವಾಗಿಯೂ ಹಾಗೇ ಕಾಣುತ್ತವೆ.

ಹಾಗಾಗಿ ಇದು ನೆನಪಿರಲಿ. ಫಾಂಟ್ ನಿಮ್ಮ ಕಂಪ್ಯೂಟರ್‌ನಲ್ಲಿ ಇದ್ದರೆ ಪ್ರೊಟೆಕ್ಟೆಡ್ ವ್ಯೂನಲ್ಲೇ ಅಕ್ಷರ ಸರಿಯಾಗಿ ಕಾಣುತ್ತದೆ. ಇಲ್ಲದಿದ್ದರೆ ಯಾವ ಬಟನ್ ಒತ್ತಿದರೂ ಫಾಂಟ್ ಬರುವುದಿಲ್ಲ. ಮ್ಯಾಕ್ರೋಗೂ ಫಾಂಟಿಗೂ ಸಂಬಂಧವೇ ಇಲ್ಲ. ಕೆಟ್ಟು ಕಂಡರೆ ಕಳಿಸಿದವರನ್ನೇ ಪಿಡಿಎಫ್ ಮಾಡಿ ಕಳಿಸಲು ಹೇಳಿ. ಪಿಡಿಎಫ್ ಮಾಡಿದರೆ ಫಾಂಟ್ ಅದರೊಳಗೇ ಕೂತು ಬರುತ್ತದೆ, ನಿಮಗೂ ಪ್ರಿಂಟ್ ಕೆಡುವುದಿಲ್ಲ.

ಡಿಟಿಪಿ ಅಣ್ಣ

ಕಾಗುಣಿತ ಅಕ್ಕ, ಇದು ನೂರಕ್ಕೆ ನೂರು ಸತ್ಯ. ನಮ್ಮ ಹುಡುಗ ಹೀಗೇ ಬಟನ್ ಒತ್ತುವುದನ್ನು ದಿನಾ ನೋಡುತ್ತೇನೆ. ಸಂಜೆ ಕೂರಿಸಿಕೊಂಡು ತೋರಿಸುತ್ತೇನೆ.

ತೆರಿಗೆ ಕಡತ

ನಾನು ಐಟಿ ರಿಟರ್ನ್ಸ್ ತುಂಬುವ ಕೆಲಸ ಮಾಡುವವನು. ಪಾಸ್‌ವರ್ಡ್ ಇದ್ದ ಫೈಲ್ ಅಂದರೆ ವೈರಸ್ ಅಂತ ಎಲ್ಲರೂ ತೀರ್ಮಾನ ಮಾಡಿಬಿಟ್ಟರೆ ಕಷ್ಟ. ಆದಾಯ ತೆರಿಗೆ ಇಲಾಖೆಯ ರಿಟರ್ನ್ಸ್ ಸಂಸ್ಕರಣೆ ನಡೆಯುವುದು ನಮ್ಮ ಬೆಂಗಳೂರಿನ ಸಿಪಿಸಿಯಲ್ಲೇ. ಅಲ್ಲಿಂದ 143(1) ಇಂಟಿಮೇಷನ್, ಅಂದರೆ ರಿಟರ್ನ್ ಪರಿಶೀಲಿಸಿದ ಮೇಲೆ ಕೊಡುವ ತಿಳುವಳಿಕೆ ಪತ್ರ, ಮೇಲ್‌ನಲ್ಲಿ ಬರುವುದು ಪಾಸ್‌ವರ್ಡ್ ಹಾಕಿದ ಪಿಡಿಎಫ್ ಆಗಿಯೇ. ಪ್ಯಾನ್ ಸಂಖ್ಯೆ ಸಣ್ಣ ಅಕ್ಷರದಲ್ಲಿ, ಅದರ ಜೊತೆ ಹುಟ್ಟಿದ ದಿನ, ಅದೇ ಪಾಸ್‌ವರ್ಡ್. ಬ್ಯಾಂಕ್ ಸ್ಟೇಟ್‌ಮೆಂಟ್ ಕೂಡ ಹೀಗೇ ಬರುತ್ತದೆ. ಜನಕ್ಕೆ ಇದು ರೂಢಿಯಾಗಿದೆ.

ವ್ಯತ್ಯಾಸ ಎಲ್ಲಿದೆ ಅಂದರೆ, ನಿಜವಾದದ್ದು ಪಿಡಿಎಫ್ ಆಗಿರುತ್ತದೆ, ಪಾಸ್‌ವರ್ಡ್ ಏನು ಅಂತ ನಿಮಗೆ ಮಾತ್ರ ಗೊತ್ತಿರುವ ವಿವರದಿಂದ ಆಗಿರುತ್ತದೆ. ಮೋಸದ್ದು ಜಿಪ್ ಇಲ್ಲಾ ಆರ್‌ಎಆರ್ ಆಗಿರುತ್ತದೆ, ಪಾಸ್‌ವರ್ಡ್ 1234 ಅಂತ ಮೇಲ್‌ನಲ್ಲೇ ಬರೆದಿರುತ್ತದೆ. ನೋಟೀಸ್, ದಂಡ, ರೀಫಂಡ್ ಅಂತ ಗಾಬರಿ ಹುಟ್ಟಿಸುವ ಮಾತು ಜೊತೆಗೆ. ಸ್ವಲ್ಪ ಅನುಮಾನ ಬಂದರೂ ಅಟ್ಯಾಚ್‌ಮೆಂಟ್ ಮುಟ್ಟುವುದೇ ಬೇಡ. ಬ್ರೌಸರ್‌ನಲ್ಲಿ ನೀವೇ ಟೈಪ್ ಮಾಡಿ ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ಗೆ ಹೋಗಿ ಲಾಗಿನ್ ಆದರೆ ಅದೇ ಇಂಟಿಮೇಷನ್ ಅಲ್ಲೂ ಸಿಗುತ್ತದೆ. ಇಲಾಖೆಯಿಂದ ನೋಟೀಸ್ ಬಂದಿದೆ ಅಂತ ಯಾರಾದರೂ ಹೇಳಿದರೆ, ಅದರ ಡಿಐಎನ್, ಅಂದರೆ ದಾಖಲೆಯ ಗುರುತಿನ ಸಂಖ್ಯೆ, ಹಾಕಿ ಅಸಲಿಯೋ ನಕಲಿಯೋ ಪರೀಕ್ಷಿಸುವ ಕೊಂಡಿ ಪೋರ್ಟಲ್‌ನ ಮೊದಲ ಪುಟದಲ್ಲೇ ಇದೆ, ಅದಕ್ಕೆ ಲಾಗಿನ್ ಕೂಡ ಬೇಡ. ನಿಮ್ಮ ಅಂಗಡಿಗೆ ಹೆದರಿಕೊಂಡು ಬರುವ ರೈತರಿಗೆ, ಸಣ್ಣ ವ್ಯಾಪಾರಿಗಳಿಗೆ ಇದನ್ನು ಮಾಡಿ ತೋರಿಸಿದರೆ ಎಷ್ಟೋ ಉಪಕಾರ.

ಪೇಡಾ ನಗರಿ

ನಮಸ್ಕಾರ್ರಿ. 2017ರ ವನ್ನಾಕ್ರೈ ವೈರಸ್ ಕೂಡ ಹೀಗೇ ಮೇಲ್‌ನಲ್ಲೇ ಬಂದದ್ದಲ್ಲ? ಆಗ ಎಲ್ಲರೂ ಮೇಲ್ ತೆರೆಯಬೇಡಿ ಅಂತಲೇ ವಾಟ್ಸಾಪ್‌ನಲ್ಲಿ ಹಂಚುತ್ತಿದ್ದರು.

ಹಳೇ ಬೇರು

ಹಂಚಿದ್ದು ನಿಜ, ಆದರೆ ವಿಷಯ ಬೇರೆ. ವನ್ನಾಕ್ರೈ ವಿಂಡೋಸ್‌ನ ಫೈಲ್ ಹಂಚುವ ವ್ಯವಸ್ಥೆಯಲ್ಲಿದ್ದ ತೂತಿನ ಮೂಲಕ ಕಂಪ್ಯೂಟರ್‌ನಿಂದ ಕಂಪ್ಯೂಟರಿಗೆ ತಾನೇ ಹರಡಿತು, ಯಾರೂ ಏನೂ ತೆರೆಯಬೇಕಾಗಿರಲಿಲ್ಲ. ಅದಕ್ಕೆ ಬೇಕಾದ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು, ವೈರಸ್ ಬಂದದ್ದು ಮೇನಲ್ಲಿ. ಮೇಲ್‌ನಲ್ಲಿ ಬಂದದ್ದು ಲಾಕಿ ಅನ್ನುವ, ಫೈಲ್ ಲಾಕ್ ಮಾಡುವ ಇನ್ನೊಂದು ವೈರಸ್. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸರ್ಟ್-ಇನ್, ಅಂದರೆ ಕೇಂದ್ರ ಸರ್ಕಾರದ ಕಂಪ್ಯೂಟರ್ ತುರ್ತು ತಂಡ, ಅದರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಆ ಮೇಲ್‌ಗಳ ವಿಷಯದ ಸಾಲಿನಲ್ಲಿ ಪ್ಲೀಸ್ ಪ್ರಿಂಟ್, ಡಾಕ್ಯುಮೆಂಟ್ಸ್, ಫೋಟೋ, ಸ್ಕ್ಯಾನ್ಸ್ ಅಂತ ಇರುತ್ತಿತ್ತು. ಡಿಟಿಪಿ ಅಣ್ಣನ ಅಂಗಡಿಗೆ ದಿನಾ ಬರುವ ಮೇಲ್‌ನ ಸಾಲೂ ಅದೇ ಅಲ್ವಾ? ಜಿಪ್ ಒಳಗೆ ವಿಬಿಎಸ್ ಇರುತ್ತಿತ್ತು.

ಸರ್ವರ್ ರೂಮ್

ಆ ವಿಂಡೋಸ್ 7 ಕಂಪ್ಯೂಟರ್ ಬಗ್ಗೆ ಯಾರೂ ಮಾತಾಡಲಿಲ್ಲ, ನನಗೆ ಜಾಸ್ತಿ ಚಿಂತೆ ಅದರದ್ದೇ. 2020ರ ಜನವರಿ 14ಕ್ಕೆ ಅದರ ಭದ್ರತಾ ಅಪ್‌ಡೇಟ್ ನಿಂತಿದೆ. ಪೇಜ್‌ಮೇಕರ್ ಬಿಡಲು ಆಗುವುದಿಲ್ಲ ಅಂತ ಗೊತ್ತು, ಹಳೇ ಗಿರಾಕಿಗಳ ಫೈಲ್ ಎಲ್ಲ ಅದರಲ್ಲೇ ಇರುತ್ತವೆ. ಹಾಗಾದರೆ ಅದರ ನೆಟ್ ಕಿತ್ತುಹಾಕಿ. ಮೇಲ್ ತೆರೆಯುವುದು, ಬ್ರೌಸರ್ ಬಳಸುವುದು ಎಲ್ಲ 11ರಲ್ಲಿ. ಹಳೇದರಲ್ಲಿ ಪೇಜ್ ಮಾಡುವುದು ಮಾತ್ರ. ನಡುವೆ ಫೈಲ್ ಸಾಗಿಸಲು ಒಂದೇ ಒಂದು ಪೆನ್‌ಡ್ರೈವ್ ಮೀಸಲಿಡಿ, ಗಿರಾಕಿಗಳ ಪೆನ್‌ಡ್ರೈವ್ ಅದಕ್ಕೆ ಚುಚ್ಚಬೇಡಿ. ಇದನ್ನು ಓದುತ್ತಿರುವವರಲ್ಲಿ ವಿಂಡೋಸ್ 10 ಇದ್ದವರೂ ಗಮನಿಸಿ, ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಇನ್ನು ನಿಮ್ಮ ಮೂಲ ಪ್ರಶ್ನೆ, ಹೇಗೆ ತೆರೆಯುವುದು. ಡೌನ್‌ಲೋಡ್ ಮಾಡದೆ ಜಿಮೇಲ್‌ನಲ್ಲೇ ಅಟ್ಯಾಚ್‌ಮೆಂಟ್ ಮೇಲೆ ಒತ್ತಿ. ಪಿಡಿಎಫ್, ಚಿತ್ರ, ವರ್ಡ್, ಎಲ್ಲವೂ ಅಲ್ಲೇ ತೆರೆಯುತ್ತವೆ. ಆಗ ಫೈಲ್ ಬಿಚ್ಚಿಕೊಳ್ಳುವುದು ಗೂಗಲ್‌ನ ಕಂಪ್ಯೂಟರ್‌ನಲ್ಲಿ, ನಿಮಗೆ ಬರುವುದು ಅದರ ನೋಟ ಮಾತ್ರ. ಮೇಲೆ ಪ್ರಿಂಟರ್ ಗುರುತು ಇರುತ್ತದೆ, ಅಲ್ಲಿಂದಲೇ ಪ್ರಿಂಟ್ ಕೊಡಬಹುದು. ಆಧಾರ್, ಅಂಕಪಟ್ಟಿ, ಟಿಕೆಟ್, ಅರ್ಜಿ, ಇಂಥವಕ್ಕೆ ಇಷ್ಟೇ ಸಾಕು, ನಿಮ್ಮ ಕೆಲಸದ ಬಹುಪಾಲು ಇದೇ ಇರುತ್ತದೆ ಅಂದುಕೊಳ್ಳುತ್ತೇನೆ. ಕಾಗುಣಿತ ಹೇಳಿದ ಹಾಗೆ ಹಳೇ ಫಾಂಟಿನ ಫೈಲ್ ಮಾತ್ರ ಅಲ್ಲಿ ಕೆಟ್ಟು ಕಾಣುತ್ತದೆ, ಅದನ್ನು ಇಳಿಸಿಕೊಂಡು ಪ್ರೊಟೆಕ್ಟೆಡ್ ವ್ಯೂನಲ್ಲಿ ತೆರೆಯಿರಿ.

ಹಾಗೆಯೇ ಅಂಗಡಿ ಹುಡುಗ ಕೂರುವ ಲಾಗಿನ್ ಅಡ್ಮಿನ್ ಆಗಿರಬಾರದು. ಸ್ಟ್ಯಾಂಡರ್ಡ್ ಯೂಸರ್ ಮಾಡಿಕೊಡಿ. ಪ್ರೋಗ್ರಾಂ ಹಾಕುವಾಗ ಮಾತ್ರ ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. ಪ್ರಿಂಟ್ ಕೊಡಲು ಹೋದಾಗ ಅಡ್ಮಿನ್ ಪಾಸ್‌ವರ್ಡ್ ಕೇಳಿದರೆ ಏನೋ ತಪ್ಪಾಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಸಂತೆ ಪೇಟೆ

ಅನುಮಾನ ಬಂದ ಫೈಲನ್ನು ವೈರಸ್‌ಟೋಟಲ್‌ಗೆ ಹಾಕಿ ನೋಡಬಹುದಲ್ಲ? ಹತ್ತಾರು ಆಂಟಿವೈರಸ್ ಒಟ್ಟಿಗೆ ಪರೀಕ್ಷೆ ಮಾಡುತ್ತವೆ.

ಸರ್ವರ್ ರೂಮ್

ಒಳ್ಳೇದೇ, ಆದರೆ ಗಿರಾಕಿಗಳ ಆಧಾರ್, ಬ್ಯಾಂಕ್ ಕಾಗದ ಅಲ್ಲಿಗೆ ಹಾಕಬೇಡಿ. ಅಲ್ಲಿ ಹಾಕಿದ ಫೈಲ್ ಭದ್ರತಾ ಕಂಪನಿಗಳ ಕೈಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಇಎಕ್ಸ್‌ಇ, ಜಿಪ್ ಥರದ್ದನ್ನು ಬೇಕಾದರೆ ಹಾಕಿ. ಅಲ್ಲಿ ಏನೂ ಸಿಗಲಿಲ್ಲ ಅಂದರೆ ಫೈಲ್ ಒಳ್ಳೇದು ಅಂತಲೂ ಅಲ್ಲ, ಇನ್ನೂ ಯಾರೂ ಗುರುತು ಹಿಡಿದಿಲ್ಲ ಅಂತ ಅಷ್ಟೇ.

ಕಾಗುಣಿತ

ನನಗೆ ಇನ್ನೊಂದು ವಿಷಯ ಮನಸ್ಸಿಗೆ ಚುಚ್ಚುತ್ತಿದೆ. ಲಾಕ್ ಆದರೆ ನಮಗೆ ಗೊತ್ತಾಗುತ್ತದೆ, ಅತ್ತು ಕರೆದು ಏನೋ ಮಾಡುತ್ತೇವೆ. ಗೊತ್ತೇ ಆಗದಂತೆ ಕೂತಿರುವ ವೈರಸ್‌ಗಳಿವೆ. ಏಜೆಂಟ್ ಟೆಸ್ಲಾ ಅಂಥದ್ದು. ಪೇಮೆಂಟ್ ಅಡ್ವೈಸ್, ಕೊಟೇಷನ್ ಅಂತ ಬಂದು, ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಕೀಬೋರ್ಡ್‌ನಲ್ಲಿ ಒತ್ತಿದ ಅಕ್ಷರ ಎಲ್ಲವನ್ನೂ ಸದ್ದಿಲ್ಲದೆ ಹೊರಗೆ ಕಳಿಸುತ್ತದೆ. ನಮ್ಮಂಥ ಅಂಗಡಿಗಳಲ್ಲಿ ಗಿರಾಕಿಗಳು ನಮ್ಮ ಕಂಪ್ಯೂಟರ್‌ನಲ್ಲೇ ಕೂತು ಅವರ ಜಿಮೇಲ್ ತೆರೆಯುತ್ತಾರೆ, ಸ್ಕಾಲರ್‌ಶಿಪ್ ಲಾಗಿನ್ ಮಾಡುತ್ತಾರೆ, ಕೆಲವರು ನೆಟ್‌ಬ್ಯಾಂಕಿಂಗ್ ಕೂಡ. ನಮ್ಮ ಕಂಪ್ಯೂಟರ್ ಕೆಟ್ಟರೆ ಇಡೀ ಊರಿನ ಪಾಸ್‌ವರ್ಡ್ ಹೋಯಿತು ಅಂತಲೇ ಅರ್ಥ. ಒಬ್ಬ ಅಜ್ಜಿಯ ಪಿಂಚಣಿ ಖಾತೆಯ ವಿವರ ನಮ್ಮಿಂದಾಗಿ ಕಳ್ಳರಿಗೆ ಸಿಗುವುದನ್ನು ನಾನು ಯೋಚಿಸಲೂ ಆರೆ.

ನಮ್ಮಲ್ಲಿ ಗಿರಾಕಿಗಳಿಗೆ ಅಂತ ಬೇರೆ ಕಂಪ್ಯೂಟರ್ ಇಟ್ಟು ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿದ್ದೇವೆ. ಮೇಲ್‌ನಲ್ಲಿ ಬರುವ ವಿಂಡೋಸ್‌ನ ಇಎಕ್ಸ್‌ಇ ಅದರಲ್ಲಿ ಡಬಲ್ ಕ್ಲಿಕ್ ಮಾಡಿದರೆ ಓಡುವುದಿಲ್ಲ. ಬ್ರೌಸರ್, ಪ್ರಿಂಟ್, ಪಿಡಿಎಫ್ ಎಲ್ಲ ನಡೆಯುತ್ತದೆ. ಹಳೇ ಕಂಪ್ಯೂಟರೇ ಸಾಕು, ದುಡ್ಡೂ ಖರ್ಚಿಲ್ಲ. ಯಾರೇ ಲಾಗಿನ್ ಆದರೂ ಇನ್‌ಕಾಗ್ನಿಟೋ ಕಿಟಕಿಯಲ್ಲಿ. ಸಂಜೆ ಡೌನ್‌ಲೋಡ್ಸ್ ಫೋಲ್ಡರ್ ಖಾಲಿ ಮಾಡಿಯೇ ಬಾಗಿಲು ಹಾಕುವುದು.

ಪೇಡಾ ನಗರಿ

ಮದುವೆ ಕಾರ್ಡ್ ಮಾಡುವವರಿಗೆ ಒಂದು ಮಾತು. ಈಗ ವಾಟ್ಸಾಪ್‌ನಲ್ಲಿ ಮದುವೆ ಆಮಂತ್ರಣ ಅಂತ ಎಪಿಕೆ ಫೈಲ್ ಬರುತ್ತಿವೆ, ಆರ್‌ಟಿಒ ಚಲನ್ ಅಂತಲೂ ಬರುತ್ತವೆ. ಎಪಿಕೆ ಅಂದರೆ ಆಂಡ್ರಾಯ್ಡ್ ಆ್ಯಪ್. ಅದು ಮೊಬೈಲಿಗೆ ಇಳಿದರೆ ಬ್ಯಾಂಕಿನ ಓಟಿಪಿ ಮೆಸೇಜ್ ಎಲ್ಲ ಕಳ್ಳರ ಕೈಗೆ. ಆಮಂತ್ರಣ ಅಂದರೆ ಪಿಡಿಎಫ್ ಇಲ್ಲಾ ಚಿತ್ರ ಇಲ್ಲಾ ವಿಡಿಯೋ, ಬೇರೆ ಏನೂ ಅಲ್ಲ ಅಂತ ಗಿರಾಕಿಗಳಿಗೆ ಹೇಳಿರಿ.

ಡಿಟಿಪಿ ಅಣ್ಣ

ಎಲ್ಲರಿಗೂ ತುಂಬಾ ಧನ್ಯವಾದ. ಬ್ಯಾಕಪ್ ಬಗ್ಗೆಯೂ ಹೇಳಿ. ನಾನು ಡಿ ಡ್ರೈವ್‌ನಲ್ಲಿ ಇನ್ನೊಂದು ಕಾಪಿ ಇಡುತ್ತೇನೆ. ಹೊರಗಿನ ಹಾರ್ಡ್‌ಡಿಸ್ಕ್ ಒಂದು ಇದೆ, ಅದು ಯಾವಾಗಲೂ ಸಿಕ್ಕಿಸಿಯೇ ಇರುತ್ತದೆ. ಮತ್ತೆ, ಇಷ್ಟೆಲ್ಲ ಮಾಡಿಯೂ ಯಾರಾದರೂ ಒತ್ತಿಬಿಟ್ಟರೆ ಮೊದಲು ಏನು ಮಾಡಬೇಕು?

ಹಳೇ ಬೇರು

ಅಣ್ಣ, ಡಿ ಡ್ರೈವ್ ಕಾಪಿ ಲೆಕ್ಕಕ್ಕಿಲ್ಲ. ಹೆಚ್ಚಾಗಿ ಅದು ಅದೇ ಡಿಸ್ಕಿನ ಇನ್ನೊಂದು ಭಾಗ. ಸಿಕ್ಕಿಸಿಯೇ ಇರುವ ಹಾರ್ಡ್‌ಡಿಸ್ಕ್ ಕೂಡ ಲೆಕ್ಕಕ್ಕಿಲ್ಲ, ಲಾಕ್ ಮಾಡುವ ವೈರಸ್ ಕಣ್ಣಿಗೆ ಕಂಡ ಎಲ್ಲಾ ಡ್ರೈವನ್ನೂ ಲಾಕ್ ಮಾಡುತ್ತದೆ. ಸಂಜೆ ಸಿಕ್ಕಿಸಿ, ಕಾಪಿ ಮಾಡಿ, ತೆಗೆದು ಬೀರುವಿನಲ್ಲಿಡಿ. ಎರಡು ಡಿಸ್ಕ್ ಇದ್ದು ಒಂದು ವಾರ ಒಂದು, ಇನ್ನೊಂದು ವಾರ ಇನ್ನೊಂದು ಅಂತ ಬದಲಿಸಿದರೆ ಇನ್ನೂ ಒಳ್ಳೇದು. ಗೂಗಲ್ ಡ್ರೈವ್‌ಗೆ ಸಿಂಕ್ ಇದ್ದರೆ ಕೆಟ್ಟ ಫೈಲೂ ಅಲ್ಲಿಗೆ ಹೋಗುತ್ತದೆ, ಆದರೆ ಹಳೇ ಆವೃತ್ತಿಯನ್ನು ಡ್ರೈವ್ 30 ದಿನ ಇಟ್ಟುಕೊಂಡಿರುತ್ತದೆ. ಅಷ್ಟರೊಳಗೆ ಮ್ಯಾನೇಜ್ ವರ್ಷನ್ಸ್‌ಗೆ ಹೋಗಿ ಹಿಂದಿನದನ್ನು ತೆಗೆಯಬಹುದು. ಒಂದೊಂದೇ ಫೈಲ್ ತೆಗೆಯುವುದು ತಲೆನೋವು, ಇದನ್ನೇ ನಂಬಿ ಕೂರಬೇಡಿ. ವಿಂಡೋಸ್ ಸೆಕ್ಯೂರಿಟಿಯ ರಾನ್ಸಮ್‌ವೇರ್ ಪ್ರೊಟೆಕ್ಷನ್‌ನಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಅಂತ ಇದೆ. ಗುರುತಿಲ್ಲದ ಪ್ರೋಗ್ರಾಂಗಳು ನಿಮ್ಮ ಫೋಲ್ಡರ್‌ನಲ್ಲಿ ಬರೆಯದಂತೆ ಅದು ತಡೆಯುತ್ತದೆ. ನಿಮ್ಮ ಹಳೇ ಸಾಫ್ಟ್‌ವೇರ್ ಯಾವುದಾದರೂ ಸೇವ್ ಆಗುತ್ತಿಲ್ಲ ಅಂದರೆ ಅದನ್ನು ಒಪ್ಪಿಗೆ ಪಟ್ಟಿಗೆ ಸೇರಿಸಬೇಕಾಗುತ್ತದೆ.

ಯಾರಾದರೂ ಒತ್ತಿಬಿಟ್ಟರೆ ಬೈಯುತ್ತಾ ನಿಲ್ಲಬೇಡಿ, ಮೊದಲು ನೆಟ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ. ಇದನ್ನು ಹುಡುಗನಿಗೂ ಹೇಳಿಕೊಡಿ, ಹೆದರಿ ಮುಚ್ಚಿಟ್ಟರೆ ಹೊತ್ತು ಕಳೆದುಹೋಗುತ್ತದೆ. ಬ್ಯಾಕಪ್ ಡಿಸ್ಕ್, ಪೆನ್‌ಡ್ರೈವ್ ಏನನ್ನೂ ಆಗ ಸಿಕ್ಕಿಸಬೇಡಿ. ಆಮೇಲೆ ಡಿಫೆಂಡರ್‌ನ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಇದೆ, ಅದು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತದೆ. ಪಾಸ್‌ವರ್ಡ್‌ಗಳನ್ನು ಮೊಬೈಲ್‌ನಿಂದ ಬದಲಿಸಿ, ಆ ಕಂಪ್ಯೂಟರ್‌ನಿಂದ ಬದಲಿಸಿದರೆ ಹೊಸದೂ ಕಳ್ಳನಿಗೇ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್, ಫಿಲ್ಟರ್ ಯಾವುದಾದರೂ ಹೊಸದಾಗಿ ಸೇರಿದೆಯಾ ನೋಡಿ. ಖಾತೆಯಿಂದ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪಕ್ಕದ ಊರಿನವರಿಗೆ ಒಂದು ವಿಷಯ ತಿಳಿಸಿ. ನೋ ಮೋರ್ ರಾನ್ಸಮ್ ಅಂತ ಒಂದು ವೆಬ್‌ಸೈಟ್ ಇದೆ. 2016ರಲ್ಲಿ ಯೂರೋಪೋಲ್, ಡಚ್ ಪೊಲೀಸರು, ಎರಡು ಆಂಟಿವೈರಸ್ ಕಂಪನಿಗಳು ಸೇರಿ ಶುರು ಮಾಡಿದ್ದು. ಲಾಕ್ ಆದ ಎರಡು ಫೈಲ್ ಮತ್ತು ಆ ಬೆದರಿಕೆ ಪತ್ರ ಹಾಕಿದರೆ ಯಾವ ವೈರಸ್ ಅಂತ ಹುಡುಕಿ, ಬಿಡಿಸುವ ಕೀಲಿ ಇದ್ದರೆ ಉಚಿತವಾಗಿ ಕೊಡುತ್ತಾರೆ. ಎಲ್ಲದಕ್ಕೂ ಇಲ್ಲ, ಆದರೆ ನೋಡದೆ ದುಡ್ಡು ಕಟ್ಟಬಾರದು. ಇವತ್ತು ಕೀಲಿ ಸಿಗದಿದ್ದರೂ ಲಾಕ್ ಆದ ಫೈಲ್‌ಗಳನ್ನು ಅಳಿಸದೆ ಒಂದು ಡಿಸ್ಕಿಗೆ ಹಾಕಿ ಇಡಲಿ, ಕೆಲವು ವೈರಸ್‌ಗಳ ಕೀಲಿ ಎಷ್ಟೋ ತಿಂಗಳ ಮೇಲೆ ಹೊರಬಂದದ್ದಿದೆ.

ಡಿಟಿಪಿ ಅಣ್ಣ

ಅವರಿಗೆ ಈಗಲೇ ಫೋನ್ ಮಾಡಿ ಹೇಳಿದೆ. ಡಿಸ್ಕ್ ಇನ್ನೂ ಫಾರ್ಮ್ಯಾಟ್ ಮಾಡಿಸಿಲ್ಲವಂತೆ, ನಾಳೆ ಹೋಗಿ ಕೂತು ಆ ವೆಬ್‌ಸೈಟ್‌ನಲ್ಲಿ ಇಬ್ಬರೂ ಸೇರಿ ನೋಡುತ್ತೇವೆ. ಗೋಡೆಯ ಬೋರ್ಡ್‌ನಲ್ಲಿ ಜಿಮೇಲ್ ವಿಳಾಸದ ಕೆಳಗೆ "ಪಿಡಿಎಫ್ ಅಥವಾ ಫೋಟೋ ಮಾತ್ರ ಕಳಿಸಿ, ಜಿಪ್ ತೆರೆಯುವುದಿಲ್ಲ, ಮೇಲ್‌ನಲ್ಲಿ ನಿಮ್ಮ ಹೆಸರು ಮತ್ತು ಎಷ್ಟು ಕಾಪಿ ಅಂತ ಬರೆಯಿರಿ" ಅಂತ ಸೇರಿಸಿದ್ದೇನೆ. ಇದರಿಂದ ಒಂದು ಅನುಕೂಲ ಕಂಡಿತು. ಎದುರಿಗೆ ನಿಂತ ಗಿರಾಕಿಯ ಹೆಸರು ಇಲ್ಲದ ಮೇಲ್ ಯಾವುದು ಅಂತ ತಕ್ಷಣ ಗೊತ್ತಾಗುತ್ತದೆ, ಅದನ್ನು ತೆರೆಯುವ ಅಗತ್ಯವೇ ಇಲ್ಲ.

ಒಂದು ಕೊನೇ ಅನುಮಾನ. ಇವತ್ತು ಬೆಳಿಗ್ಗೆ "ನಿಮ್ಮ ಪ್ರಿಂಟರ್‌ನಿಂದ ಸ್ಕ್ಯಾನ್ ಆದ ದಾಖಲೆ" ಅಂತ ಒಂದು ಮೇಲ್ ಬಂದಿದೆ, ಎಚ್‌ಟಿಎಂಎಲ್ ಫೈಲ್ ಅಟ್ಯಾಚ್ ಆಗಿದೆ. ನನ್ನ ಹತ್ತಿರ ಸ್ಕ್ಯಾನರ್ ಇರುವುದು ನಿಜ.

ಸರ್ವರ್ ರೂಮ್

ನಿಮ್ಮ ಸ್ಕ್ಯಾನರ್‌ನಲ್ಲಿ ಮೇಲ್ ಕಳಿಸುವ ಸೌಲಭ್ಯವನ್ನು ನೀವೇ ವಿಳಾಸ, ಪಾಸ್‌ವರ್ಡ್ ಕೊಟ್ಟು ಹೊಂದಿಸಿದ್ದೀರಾ? ಇಲ್ಲ ಅಂದರೆ ಅದು ಮೇಲ್ ಕಳಿಸುವುದಿಲ್ಲ. ಹೊಂದಿಸಿದ್ದರೂ ಸ್ಕ್ಯಾನ್ ಬರುವುದು ಪಿಡಿಎಫ್ ಇಲ್ಲಾ ಜೆಪಿಜಿ ಆಗಿ. ಎಚ್‌ಟಿಎಂಎಲ್ ಅಂದರೆ ವೆಬ್ ಪುಟ. ತೆರೆದರೆ ಜಿಮೇಲ್ ಲಾಗಿನ್ ಥರದ್ದೇ ನಕಲಿ ಪುಟ ಬಂದು ಪಾಸ್‌ವರ್ಡ್ ಕೇಳುತ್ತದೆ, ಇಲ್ಲಾ ಒಂದು ಜಿಪ್ ತಾನಾಗಿಯೇ ಡೌನ್‌ಲೋಡ್ ಆಗುತ್ತದೆ. ರಿಪೋರ್ಟ್ ಫಿಶಿಂಗ್ ಒತ್ತಿ ಅಳಿಸಿ. ನಾಳೆ ಪಕ್ಕದ ಊರಿನಲ್ಲಿ ಏನಾಯಿತು ಅಂತ ಇಲ್ಲೇ ಬರೆಯಿರಿ. ಬೆದರಿಕೆ ಪತ್ರದ ಹೆಸರು, ಲಾಕ್ ಆದ ಫೈಲ್‌ಗಳಿಗೆ ಕೊನೆಯಲ್ಲಿ ಸೇರಿರುವ ಬಾಲ, ಎರಡನ್ನೂ ತಪ್ಪದೆ ಹಾಕಿ, ಅದರಿಂದ ಯಾವುದು ಅಂತ ನಾವೂ ಹುಡುಕುತ್ತೇವೆ.